ಹಿತ್ತಲ ಬಾಗಿಲಿನ ದವಾಖಾನೆ

ನನ್ನ ಮದುವೆಯಾದಾಗ ನಮ್ಮವರು ಹುಮನಾಬಾದಿನ ದನದ ದವಾಖಾನೆಯಲ್ಲಿ ಡಾಕ್ಟರರಾಗಿದ್ದರು. ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೇಳು, ಅವರಿಗೆ ಮೂವತ್ತು ದಾಟಿತ್ತು. ನನ್ನ ತವರು ಭೀಮಾ ಹೊಳೆಯ ಆಚೆ, ವಿಜಾಪುರದ ಕಡೆಯ ಒಂದು ಹಳ್ಳಿ. ತವರು ಎಂದರೂ ಅದು ಸೋದರಮಾವನ ಮನೆ. ನಾನು ಐದು ವರ್ಷದವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ನಮ್ಮ ಕಡೆ ನಿಜಾಮರ ಸೀಮೆಗೆ ಮೊಗಲಾಯಿ ಎನ್ನುತ್ತಿದ್ದರು. ಹೊರಡುವ ದಿನ ಮಾವನ ಹೆಂಡತಿ ನನ್ನ ಉಡಿ ತುಂಬುತ್ತ, "ಮೊಗಲಾಯಿ ಬಾಳ ದೂರ ಐತಿ. ಹಬ್ಬ ಹುಣ್ಣಿವಿ ಅಂತ ಬರಾಕ ಹೋಗಬ್ಯಾಡ, ಇದ್ದಲ್ಲೇ ಛಂದಾಗಿ ಇರು" ಎಂದಳು. ಅದು ಹಾರೈಕೆಯೋ, ಇನ್ನು ಬರಬೇಡ ಎಂಬ ಮಾತೋ ಆಗ ನನಗೆ ತಿಳಿಯಲಿಲ್ಲ. ಸೊಲ್ಲಾಪುರದವರೆಗೆ ರೈಲಿನಲ್ಲಿ, ಅಲ್ಲಿಂದ ಮೋಟಾರಿನಲ್ಲಿ ಧೂಳು ತಿನ್ನುತ್ತ ಹುಮನಾಬಾದಿಗೆ ಬಂದಿಳಿದಾಗ ತಿಳಿಯಿತು.

ದವಾಖಾನೆ ರಸ್ತೆಗೆ ಮುಖ ಮಾಡಿತ್ತು. ಎರಡು ಕೋಣೆ, ಮಣ್ಣಿನ ಮಾಳಿಗೆ, ಮುಂದೆ ಬೇವಿನ ಮರ, ಮರದ ಕೆಳಗೆ ಎತ್ತುಗಳನ್ನು ನಿಲ್ಲಿಸಿ ಕಟ್ಟುವ ನಾಲ್ಕು ಕಂಬಗಳ ಚೌಕಟ್ಟು. ಅದರ ಬೆನ್ನಿಗೇ ನಮ್ಮ ಮನೆ. ಮನೆಗೂ ದವಾಖಾನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಮೊಳದಗಲದ ಒಂದು ಕಿಟಕಿ. ಕಿಟಕಿಗೆ ಚಾಪೆಯ ತುಂಡೊಂದನ್ನು ಇಳಿಬಿಟ್ಟಿದ್ದರು. ಬೆಳಗಿನ ಅಡುಗೆ ಮುಗಿದ ಮೇಲೆ ನನಗೆ ಬೇರೆ ಕೆಲಸವಿರಲಿಲ್ಲ. ಚಾಪೆಯ ಅಂಚು ಸರಿಸಿ ಆಚೆ ನೋಡುತ್ತ ನಿಲ್ಲುತ್ತಿದ್ದೆ.

ನಮ್ಮವರು ಇದೇ ಸೀಮೆಯವರು, ಉರ್ದು ಶಾಲೆ ಕಲಿತು, ಮುಂಬಯಿಗೆ ಹೋಗಿ ದನದ ವೈದ್ಯ ಕಲಿತು ಬಂದವರು. ಹಳೆಯ ಮಂದಿ ಅವರನ್ನು ಸಲೋತ್ರಿ ಸಾಹೇಬರು ಎನ್ನುತ್ತಿದ್ದರು, ಉಳಿದವರಿಗೆ ಡಾಕ್ಟರ್ ಸಾಬ್. ಕೆಟ್ಟ ಮನುಷ್ಯರಲ್ಲ. ಒಮ್ಮೆಯೂ ಗದರಿಸಿದವರಲ್ಲ. ಆದರೆ ಮಾತೇ ಇಲ್ಲ. ಊಟಕ್ಕೆ ಕೂತರೆ "ಸಾಕು" ಎನ್ನುವುದೊಂದೇ ಮಾತು. ಅದೇ ಮನುಷ್ಯ ಕಿಟಕಿಯಾಚೆ ಎತ್ತಿನ ಕೊರಳು ನೇವರಿಸುತ್ತ, "ಯಾಕಪ್ಪಾ, ಎಲ್ಲಿ ನೋಯ್ತದ? ಇಲ್ಲೇನು? ತಡಿ, ಇನ್ನೊಂದೀಟು ತಡಿ" ಎಂದು ಕೂಸಿಗೆ ಹೇಳಿದ ಹಾಗೆ ಹೇಳುವುದನ್ನು ಕೇಳಿದಾಗ ನನಗೆ ಆ ಎತ್ತಿನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ನಗಬೇಡಿ, ನಿಜ ಹೇಳುತ್ತಿದ್ದೇನೆ.

ಅಕ್ಕಪಕ್ಕದ ಮಾತು ನನಗೆ ಹತ್ತುತ್ತಿರಲಿಲ್ಲ. ಅರ್ಧ ಕನ್ನಡ, ಅರ್ಧ ದಖ್ಖನಿ, ನಡುನಡುವೆ ಮರಾಠಿ. ನಾನು "ಐತಿ" ಎಂದರೆ ನೀರಿಗೆ ಬಂದ ಹೆಂಗಸರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಅವರಿಗೆ ಎಲ್ಲವೂ "ಅದ". ಹಾಗಾಗಿ ಬಾವಿಗೆ ಹೋಗುವುದನ್ನೂ ಎಲ್ಲರೂ ಹೋಗಿಬಂದ ಮೇಲೆ ಇಟ್ಟುಕೊಂಡೆ.

ಎರಡನೆಯ ವರ್ಷ ನನಗೊಂದು ಮಗುವಾಯಿತು. ಗಂಡು. ಅಳಲೇ ಇಲ್ಲ. ಸೂಲಗಿತ್ತಿ ಅದನ್ನು ತಲೆಕೆಳಗು ಹಿಡಿದು ಬೆನ್ನು ತಟ್ಟಿದಳು, ಮತ್ತೆ ತಟ್ಟಿದಳು, ಆಮೇಲೆ ಬಟ್ಟೆಯಲ್ಲಿ ಸುತ್ತಿ ನನ್ನ ಕಣ್ಣಿಗೆ ಬೀಳದ ಹಾಗೆ ತಿರುಗಿ ಕೂತಳು. ನಮ್ಮವರು ತಾವೇ ಎತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಬಂದು ಕೈಕಾಲು ತೊಳೆದು, ನನ್ನ ಹಾಸಿಗೆಯ ಹತ್ತಿರ ಬಹಳ ಹೊತ್ತು ನಿಂತರು. ಏನೋ ಹೇಳುತ್ತಾರೆಂದು ನಾನು ಕಾದೆ. "ಗಂಜಿ ಕುಡಿ" ಎಂದು ಹೇಳಿ ದವಾಖಾನೆಗೆ ಹೋದರು. ಅವತ್ತಿನಿಂದ ಮನೆಯೊಳಗಿನ ಮೌನ ಇನ್ನಷ್ಟು ದಪ್ಪವಾಯಿತು.

ನಾಲ್ಕೈದು ತಿಂಗಳು ಕಳೆದಿರಬೇಕು. ನಮ್ಮವರು ದುಬಲಗುಂಡಿಯ ಕಡೆ ಹಳ್ಳಿಗಳ ತಿರುಗಾಟಕ್ಕೆ ಹೋಗಿದ್ದರು. ಹೋದರೆ ಮೂರು ನಾಲ್ಕು ದಿನ ಬರುತ್ತಿರಲಿಲ್ಲ. ಮಟಮಟ ಮಧ್ಯಾಹ್ನ, ಹಿತ್ತಲ ಗೋಡೆಯಾಚೆಯಿಂದ ಆಡು ಅರಚುವುದು ಕೇಳಿಸಿತು. ಹಸಿವಿನ ಅರಚಾಟವಲ್ಲ. ಕಿಟಕಿಯ ಬಳಿ ಎರಡು ವರ್ಷ ನಿಂತವಳಿಗೆ ಅಷ್ಟು ಗೊತ್ತಾಗುತ್ತಿತ್ತು.

ಆ ಗೋಡೆಯಾಚೆಗೆ ಒಂದು ಹಳೆಯ ದೊಡ್ಡ ಮನೆ, ಅದರಲ್ಲಿ ಒಬ್ಬರೇ ವಿಧವೆ ಮುದುಕಿ ಇದ್ದರು. ಘೋಷಾದವರು; ಪರಗಂಡಸರ ಕಣ್ಣಿಗೆ ಬೀಳುವವರಲ್ಲ. ನಾನೂ ಅವರನ್ನು ನೋಡಿರಲಿಲ್ಲ. ಗೋಡೆಯಲ್ಲಿ ಹಿಂದೆ ಯಾವಾಗಲೋ ಮಾಡಿಸಿದ್ದ ಸಣ್ಣ ಬಾಗಿಲೊಂದಿತ್ತು, ತುಕ್ಕು ಹಿಡಿದ ಅಗಳಿ. ಅದನ್ನು ಆಚೆಯಿಂದ ಯಾರೋ ತಟ್ಟಿದರು.

"ಡಾಕ್ಟರ್ ಸಾಬರ ಮನ್ಯಾಗ ಯಾರ್ ಇದ್ದೀರ್ರೀ? ನಮ್ಮ ಆಡು ಸಾಯಾಕತ್ತದ!"

"ಅವರು ಇಲ್ಲರಿ, ಹಳ್ಳಿಗೆ ಹೋಗ್ಯಾರ್ರಿ. ಕಂಪೌಂಡರನ್ನ ಕಳಸ್ಲ್ಯಾ?" ಎಂದೆ.

"ಗಂಡಸರು ನಮ್ಮ ಅಂಗಳಕ್ಕ ಬರಬಾರದು ಬೇಟೀ. ನೀ ಬಾ."

"ನಂಗ ಬರೂದಿಲ್ಲರಿ."

"ನನಗೂ ಬರೂದಿಲ್ಲ. ಇಬ್ಬರೂ ಕೂಡಿ ನೋಡೂಣು, ಬಾ."

ಅಗಳಿಯನ್ನು ಒನಕೆಯಿಂದ ಹೊಡೆದು ತೆಗೆದೆ. ಬೆಳ್ಳಗಿನ ಎತ್ತರದ ಮುದುಕಿ, ತಲೆಯ ಮೇಲೆ ಮಾಸಿದ ಓಢಣಿ. ಕೈಹಿಡಿದು ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದರು. ಕಪ್ಪು ಆಡೊಂದು ಕಾಲು ಚಾಚಿ ಮಲಗಿ ನೆಲ ಕೆರೆಯುತ್ತಿತ್ತು. ಮರಿಯ ಮೂಗಿನ ತುದಿ, ಒಂದು ಗೊರಸು ಹೊರಗೆ ಕಾಣುತ್ತಿದ್ದವು. ಇನ್ನೊಂದು ಕಾಲು ಇಲ್ಲ. ಒಳಗೇ ಹಿಂದಕ್ಕೆ ಮಡಚಿಕೊಂಡಿದೆ ಎಂದು ನನಗೆ ಹೊಳೆಯಿತು. ನಮ್ಮವರು ಒಂದು ಎಮ್ಮೆಗೆ ಹೀಗೇ ಆದಾಗ ಮಾಡಿದ್ದನ್ನು ಕಿಟಕಿಯಿಂದ ನೋಡಿದ್ದೆ: ಮೊದಲು ಎಳೆಯಬಾರದು. ಮರಿಯನ್ನು ಒಳಕ್ಕೆ ದಬ್ಬಿ, ಜಾಗ ಮಾಡಿಕೊಂಡು, ಆ ಕಾಲನ್ನು ಬೆರಳಿನಿಂದ ಮುಂದಕ್ಕೆ ತಂದುಕೊಳ್ಳಬೇಕು.

ಓಡಿಹೋಗಿ ದವಾಖಾನೆಯಿಂದ ಕೆಂಪು ಔಷಧಿ ತಂದು, ಅದರ ನೀರಿನಲ್ಲಿ ಕೈ ತೊಳೆದು, ಎಳ್ಳೆಣ್ಣೆ ಹಚ್ಚಿಕೊಂಡೆ. ಮುದುಕಿ ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯಲ್ಲಿ ಏನೋ ಓದುತ್ತಿದ್ದರು. ನನ್ನ ಕೈ ಸಣ್ಣದು. ಒಳಗೆ ಬಿಸಿ, ಬಿಗಿ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡೆ. ಆಗ ಬೆರಳಿಗೆ ಮೊಣಕಾಲು ಸಿಕ್ಕಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕಾಲು ಮುಂದೆ ಬಂದ ಮೇಲೆ ಮರಿ ತಾನಾಗಿ ಜಾರಿ ನನ್ನ ಮಡಿಲಿಗೆ ಬಿತ್ತು. ಉಸಿರಿಲ್ಲ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಅದರ ಮೂಗು ಬಾಯಿ ಒರೆಸಿ, ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕೆಣಕಿ, ಗೋಣಿತಟ್ಟಿನಿಂದ ಮೈಯನ್ನು ಚರ್ಮ ಕಿತ್ತು ಬರುವ ಹಾಗೆ ತಿಕ್ಕಿದೆ. "ಸಾಕು ಬಿಡು ಬೇಟೀ" ಎಂದರು ಮುದುಕಿ. ನಾನು ಬಿಡಲಿಲ್ಲ. ಮರಿ ಒಂದು ಸಲ ಸೀನಿತು. ತಲೆ ಕೊಡವಿತು. ಆಮೇಲೆ ಅಷ್ಟುದ್ದ ಬಾಯಿ ತೆರೆದು ಕೂಗಿತು.

ಆ ಕೂಗು ಕೇಳಿದ್ದೇ, ರಕ್ತ ಮೆತ್ತಿದ ಕೈಯನ್ನು ಮುಖಕ್ಕೆ ಹಚ್ಚಿಕೊಳ್ಳಲೂ ಆಗದೆ, ಕೈ ಚಾಚಿಕೊಂಡೇ ಅತ್ತೆ. ಮುದುಕಿ ಆಡಿನ ತಲೆಯನ್ನು ಕೆಳಗಿಳಿಸಿ ನನ್ನ ಹತ್ತಿರ ಬಂದು ಕೂತರು.

"ನಿನ್ನ ಕೂಸು ಹೋಗಿದ್ದು ನನಗ ಗೊತ್ತದ. ಗ್ವಾಡಿ ಈ ಕಡಿ ಎಲ್ಲಾ ಕೇಳಸ್ತದ. ನಾ ಅವತ್ತಽ ಬರಬೇಕಾಗಿತ್ತು, ಬಾಗಿಲಾ ತಟ್ಟಲಿಕ್ಕ ಧೈರ್ಯ ಆಗಲಿಲ್ಲ."

ಅವರನ್ನು ನಾನು ಅವತ್ತಿನಿಂದ ಖಾಲಾ ಎಂದು ಕರೆದೆ. ಚಿಕ್ಕವ್ವ ಎಂದ ಹಾಗೆ.

ನಮ್ಮವರು ಬಂದ ದಿನ ಕಂಪೌಂಡರ್ ಎಲ್ಲವನ್ನೂ ಹೇಳಿಬಿಟ್ಟಿದ್ದ. ಸರಕಾರದ ಔಷಧಿ ಮುಟ್ಟಿದ್ದೆ, ಪರರ ಮನೆಗೆ ಹೋಗಿದ್ದೆ. ಊಟಕ್ಕೆ ಕೂತವರು ಎರಡು ತುತ್ತು ತಿಂದು ಕೇಳಿದರು:

"ಯಾವ ಕಾಲು ಮಡಚಿತ್ತು?"

"ಎಡಗಾಲು."

"ಮೊದಲ ಹಿಂದಕ ದಬ್ಬಿದ್ಯಾ?"

"ಹೂಂ."

ಮತ್ತೆರಡು ತುತ್ತು ತಿಂದರು. "ಉಗರ ತಕ್ಕೊಂಡಿರಬೇಕು. ಒಳಗ ಗೀರಿದ್ರ ಹುಣ್ಣಾಗ್ತದ" ಎಂದರು. ಅಷ್ಟೇ. ಮರುದಿನ ಬೆಳಗ್ಗೆ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಕತ್ತರಿ, ಕೆಂಪು ಔಷಧಿಯ ಸೀಸೆ, ಟಿಂಚರ್ ಸೀಸೆ, ಒಂದಿಷ್ಟು ಅರಳೆ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಇದ್ದವು.

ಹೀಗೆ ಹಿತ್ತಲ ಬಾಗಿಲಿನ ದವಾಖಾನೆ ಶುರುವಾಯಿತು. ಖಾಲಾ ಊರಿನ ಘೋಷಾದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಗಂಡಸರ ನಡುವೆ ಮುಂದಿನ ಬಾಗಿಲಿಗೆ ಬರಲಾರದ ಹೆಂಗಸರು ಮಧ್ಯಾಹ್ನದ ಹೊತ್ತಿಗೆ, ಪರದೆ ಕಟ್ಟಿದ ಗಾಡಿಯಲ್ಲಿ, ಇಲ್ಲವೆ ಓಣಿಯ ಗೋಡೆಗೆ ಒತ್ತಿ ನಡೆಯುತ್ತ, ಸೆರಗಿನೊಳಗೆ ಕೋಳಿ, ಕಂಕುಳಲ್ಲಿ ಆಡಿನ ಮರಿ ಹಿಡಿದು ಬರತೊಡಗಿದರು. ಅವರ ಹಿಂದೆಯೇ ಕುಂಬಾರ ಮನೆಯವರು, ಗೌಳಿಗರ ಹೆಂಗಸರು. ನನಗೆ ರೋಗದ ಹೆಸರು ಗೊತ್ತಿರಲಿಲ್ಲ, ಹಾಗಾಗಿ ಕೇಳುತ್ತಿದ್ದೆ. ಇದಕ್ಕೆ ಮೇವು ಹಾಕುವವರು ಯಾರು? ಯಾರ ಹತ್ತಿರ ಮಲಗುತ್ತದೆ? ಮನೆಯಲ್ಲಿ ಹೊಸಬರು ಯಾರಾದರೂ ಬಂದರಾ? ಹೆಂಗಸರು ಮೊದಲು ಆಡಿನ ಮಾತು ಹೇಳುವರು, ಹೇಳುತ್ತ ಹೇಳುತ್ತ ಅತ್ತೆಯ ಮಾತು, ಸವತಿಯ ಮಾತು, ಬಾರದ ಗಂಡನ ಮಾತು. ಎರಡನ್ನೂ ಕೇಳಿದರೇ ಆಡಿಗೆ ಏನಾಗಿದೆ ಎಂದು ತಿಳಿಯುತ್ತಿತ್ತು.

ಒಬ್ಬಾಕೆ ಪಂಜರದಲ್ಲಿ ಗಿಣಿ ತಂದಿದ್ದಳು. ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಬೋಳಾಗಿತ್ತು. ಹುಳವಿಲ್ಲ, ಗಾಯವಿಲ್ಲ. ಕೇಳುತ್ತ ಹೋದಾಗ, ಅದನ್ನು ಸಾಕಿದ ಮಗಳನ್ನು ಹುಲಸೂರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ, ಆಮೇಲೆ ಪಂಜರವನ್ನು ಕಟ್ಟಿಗೆ ಕೋಣೆಯಲ್ಲಿ ತೂಗುಹಾಕಿದ್ದಾರೆ ಎಂದು ತಿಳಿಯಿತು. "ಔಷಧ ಏನ್ ಕೊಡ್ತೀರಿ?" ಎಂದಳು. "ಏನೂ ಇಲ್ಲ. ನೀವು ರೊಟ್ಟಿ ಬಡಿಯೂ ಜಾಗಾದಾಗ ಇದನ್ನ ತೂಗಹಾಕ್ರಿ. ನೀವು ಮಾತಾಡೂದು ಅದಕ್ಕ ಕೇಳಸ್ಲಿ" ಎಂದೆ. ಅಷ್ಟು ಹೇಳಿ ಒಳಗೆ ಬಂದಾಗ, ಆ ಮಾತನ್ನು ನನ್ನ ವಿಷಯದಲ್ಲಿ ಯಾರಾದರೂ ನಮ್ಮವರಿಗೆ ಹೇಳಬಾರದೇ ಅನ್ನಿಸಿತು. ಎರಡು ತಿಂಗಳಿಗೆ ಗಿಣಿಯ ಎದೆಯಲ್ಲಿ ಹಸಿರು ಮೂಡಿದೆ ಎಂದು ಆಕೆ ಹೇಳಿಕಳಿಸಿದಳು.

ತಿಳಿಯದ್ದನ್ನು ರಾತ್ರಿ ಊಟದ ಹೊತ್ತಿಗೆ ನಮ್ಮವರನ್ನು ಕೇಳುತ್ತಿದ್ದೆ. ಹೊಟ್ಟೆ ಉಬ್ಬಿದ ಆಕಳಿಗೆ ಅಗಸೆ ಎಣ್ಣೆ ಎಷ್ಟು? ಕೆಚ್ಚಲು ಗಟ್ಟಿಯಾದರೆ ಏನು? ಅದಕ್ಕೆ ಮಾತ್ರ ಅವರು ಉತ್ತರ ಕೊಡುತ್ತಿದ್ದರು, ಬಹಳ ನಿಧಾನವಾಗಿ, ಅರ್ಥವಾಯಿತೇ ಎಂದು ಮುಖ ನೋಡುತ್ತ. ನಮ್ಮ ಸಂಸಾರದ ಮಾತೆಲ್ಲ ಅಷ್ಟೇ. ಬೇರೆ ಹೆಂಗಸರಿಗೆ ಗಂಡ ಸೀರೆ ತಂದ, ಬಳೆ ತೊಡಿಸಿದ ಎಂಬ ನೆನಪಿದ್ದರೆ ನನಗೆ ಕಾಲುಬಾಯಿ ಬೇನೆಯ ನೆನಪು. ನಾನು ಬೇಕೆಂದೇ, ಗೊತ್ತಿದ್ದದ್ದನ್ನೂ ಮತ್ತೆ ಕೇಳಿದ್ದುಂಟು.

ಆದರೂ ಸಂಜೆಯಾದರೆ ಎಲ್ಲರೂ ತಮ್ಮ ತಮ್ಮ ಜೀವಗಳನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಯಾರೂ ನನ್ನ ಹೆಸರು ಕೇಳಿರಲಿಲ್ಲ. ನಾನು ಡಾಕ್ಟರ್ ಸಾಬರ ಮನೆಯವರು. ಮದುವೆಗೆ, ತೊಟ್ಟಿಲಿಗೆ ನನ್ನನ್ನು ಕರೆಯುತ್ತಿರಲಿಲ್ಲ. ಮಗು ಸತ್ತವಳನ್ನು ತೊಟ್ಟಿಲ ಹತ್ತಿರ ಹೇಗೆ ಕರೆಯುತ್ತಾರೆ? ನನ್ನ ಕೈಯಲ್ಲಿ ಹುಟ್ಟಿದ ಆಡಿನ ಮರಿಗೆ ದೃಷ್ಟಿ ತೆಗೆಯುತ್ತಿದ್ದವರೇ ತಮ್ಮ ಕೂಸನ್ನು ನನ್ನ ಕಣ್ಣಿಂದ ಮರೆಮಾಡುವುದನ್ನು ನೋಡಿದ್ದೇನೆ. ಖಾಲಾ ಒಬ್ಬರೇ ಆ ಸಣ್ಣ ಬಾಗಿಲಿನಿಂದ ಬಂದು, ಚಹಾದ ಬಟ್ಟಲನ್ನು ಮುಂದಿಟ್ಟು, "ಕುಡಿ. ಅವರ ಮಾತು ಬಿಡು" ಎನ್ನುತ್ತಿದ್ದರು.

ಹಿತ್ತಲ ದವಾಖಾನೆ ಶುರುವಾಗಿ ಆರು ವರ್ಷವಾದ ಮೇಲೆ ನಮ್ಮವರಿಗೆ ಕಲ್ಯಾಣಿಗೆ ವರ್ಗವಾಯಿತು. ಈಗ ಬಸವಕಲ್ಯಾಣ ಎನ್ನುತ್ತಾರೆ, ಆಗ ಎಲ್ಲರ ಬಾಯಲ್ಲೂ ಕಲ್ಯಾಣಿ. ಸಾಮಾನು ಗಾಡಿಗೆ ಹೇರುವಾಗ ಖಾಲಾ ಹೊರಗೆ ಬರಲಿಲ್ಲ; ರಸ್ತೆಯಲ್ಲಿ ಗಂಡಸರಿದ್ದರು. ಗೋಡೆಯಾಚೆಯಿಂದ, "ಕಲ್ಯಾಣಿಗಿ ಪೋಂಚಿದ ಮ್ಯಾಲ ಕಾಗದಾ ಬರಸು ಬೇಟೀ" ಎಂದು ಕೂಗಿದರು. ಆ ಮುಖವನ್ನು ಇನ್ನೊಮ್ಮೆ ನೋಡುವ ಯೋಗ ನನಗಿರಲಿಲ್ಲ. ಕಾಗದ ಬರೆಸಿದೆ. ಅವರಿಗೆ ಓದಿ ಹೇಳುವವರು ಯಾರಿದ್ದರೋ, ಉತ್ತರ ಒಮ್ಮೆ ಮಾತ್ರ ಬಂತು.

ಕಲ್ಯಾಣಿಯ ದವಾಖಾನೆ ಊರಿನ ಅಂಚಿನಲ್ಲಿ. ಹಿತ್ತಲ ಬಾಗಿಲು ತೆರೆದರೆ ಕಲ್ಲು ತುಂಬಿದ ಬಯಲು, ದೂರದಲ್ಲಿ ಕೋಟೆಯ ಬುರುಜು. ಮೊದಲ ದಿನವೇ ಗೂಡಿನಲ್ಲಿ ಸೀಸೆಗಳನ್ನು ಜೋಡಿಸಿಟ್ಟೆ. ದಿನಾ ಮಧ್ಯಾಹ್ನ ಬಾಗಿಲು ತೆರೆದು ಕೂತೆ. ಒಂದು ತಿಂಗಳು, ಎರಡು ತಿಂಗಳು. ಬಯಲಲ್ಲಿ ಮೇಯುವ ಕತ್ತೆಗಳು ಬಿಟ್ಟರೆ ಯಾರೂ ಬರಲಿಲ್ಲ. ಇಲ್ಲಿ ನನ್ನ ಸುದ್ದಿ ಹೇಳುವ ಖಾಲಾ ಇರಲಿಲ್ಲ. ಯುದ್ಧ ಶುರುವಾಗಿ ಔಷಧಿಗಳೂ ಸರಿಯಾಗಿ ಬರುತ್ತಿರಲಿಲ್ಲ. ನಮ್ಮವರ ತಿರುಗಾಟ ಹೆಚ್ಚಾಯಿತು. ನಾನು ಕೆಲವು ದಿನ ಸಂಜೆಯವರೆಗೆ ಒಂದು ಮಾತೂ ಆಡದೆ ಇದ್ದು, ಆಮೇಲೆ ಗಂಟಲಿದೆಯೋ ಇಲ್ಲವೋ ನೋಡಲು ಸುಮ್ಮನೆ ಕೆಮ್ಮುತ್ತಿದ್ದೆ.

ಕಲ್ಯಾಣಿಗೆ ಬಂದ ಮೂರನೆಯ ವರ್ಷ, ಹೊಟ್ಟೆನೋವಿನಿಂದ ಹೊರಳುತ್ತಿದ್ದ ಟಾಂಗಾದ ಕುದುರೆಯೊಂದು ನಮ್ಮವರ ಬಲಗೈ ಕಚ್ಚಿತು. ಎಲುಬು ಮುರಿದು, ಕೀವಾಗಿ, ಎರಡು ತಿಂಗಳು ನರಳಿದರು. ಗಾಯ ಮಾಯಿತು. ಆದರೆ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಮಡಚಲೇ ಇಲ್ಲ. ಲೋಟ ಹಿಡಿಯಲಾಗದು, ಗುಂಡಿ ಹಾಕಲಾಗದು. ಕೈಯನ್ನು ಕೋಟಿನ ಜೇಬಿನೊಳಗಿಟ್ಟುಕೊಂಡು ದವಾಖಾನೆಗೆ ಹೋಗಿ ಕೂರುತ್ತಿದ್ದರು. ಸೂಜಿ ಚುಚ್ಚುವುದು, ಪಟ್ಟಿ ಕಟ್ಟುವುದು ಕಂಪೌಂಡರ್ ಮಾಡುತ್ತಿದ್ದ. ಕೈ ಹೋದದ್ದನ್ನು ನಮ್ಮವರು ಕಚೇರಿಗೆ ತಿಳಿಸಿರಲಿಲ್ಲ.

ಒಂದು ಬೆಳಗ್ಗೆ ಮೋರಖಂಡಿಯಿಂದ ವಯಸ್ಸಾದ ಒಕ್ಕಲಿಗರೊಬ್ಬರು ಗಾಡಿ ಹೂಡಿಕೊಂಡು ಬಂದರು. ಅವರ ಆಕಳು ನಿನ್ನೆಯಿಂದ ಈಯಲಾಗದೆ ಬಿದ್ದಿದೆ. ನಮ್ಮವರು ಒಳಗೆ ಬಂದರು. ನಾನು ಒಲೆಯ ಮುಂದಿದ್ದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಕಂಪೌಂಡರನ ಕೈ ದಪ್ಪ ಅದ" ಎಂದರು.

ನಾನು ಅವರ ಮುಖ ನೋಡಿದೆ.

"ನೀ ಬರ್ತೀಯೇನು?"

ಹನ್ನೊಂದು ವರ್ಷದ ಸಂಸಾರದಲ್ಲಿ ಅವರು ನನ್ನಿಂದ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಒಲೆಯ ಬೆಂಕಿ ಹಿಂದಕ್ಕೆಳೆದು, ಸೀರೆ ಎತ್ತಿ ಕಟ್ಟಿಕೊಂಡು ಗಾಡಿ ಹತ್ತಿದೆ.

ಮೋರಖಂಡಿಯ ಕೊಟ್ಟಿಗೆಯ ಮುಂದೆ ಹತ್ತಾರು ಗಂಡಸರು ನೆರೆದಿದ್ದರು. ಡಾಕ್ಟರ ಹಿಂದೆ ಹೆಂಗಸು ಇಳಿದದ್ದು ನೋಡಿದರು. "ಇಕಿ ಮಾಡ್ತಾಳೇನ್ರಿ?" ಎಂದ ಒಬ್ಬ. ನಮ್ಮವರು ಜೇಬಿನಿಂದ ಬಲಗೈ ಹೊರತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. "ನಂದು ಕೈ ಹೋಗ್ಯಾದ. ಈಗ ಇಕಿದೇ ನನ್ನ ಕೈ" ಎಂದರು. ಒಕ್ಕಲಿಗರು ಉಳಿದವರನ್ನು ಅಂಗಳದಿಂದಾಚೆ ಕಳಿಸಿದರು.

ಆಕಳು ಸೋತು ಮಲಗಿತ್ತು. ನಮ್ಮವರು ಅದರ ಬೆನ್ನಿಗೊರಗಿ, ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ನನ್ನ ತೋಳು ಭುಜದವರೆಗೆ ಒಳಗಿತ್ತು.

"ಏನ್ ಸಿಕ್ತು?"

"ಕುತಿಗಿ. ತಲಿ ಇಲ್ಲ. ಒಂದು ಕಡಿ ಹೊಳ್ಳ್ಯಾದ."

"ಯಾವ ಕಡಿ?"

"ಬಲಕ್ಕ."

"ಎದಿ ಮ್ಯಾಲ ಕೈ ಇಟ್ಟು ಹಿಂದಕ ದಬ್ಬು. ಆಕಳು ತಿಣಕುವಾಗ ಬ್ಯಾಡ. ತಡಿ. ಹಾಂ, ಈಗ. ಕಿವಿ ಸಿಕ್ತಾ?"

"ಸಿಕ್ತು."

"ಅಲ್ಲಿಂದ ಕಣ್ಣು, ಕಣ್ಣಿಂದ ಮೂಗು. ಕೆಳಗಿನ ದವಡಿಗೆ ಹಗ್ಗ ಹಾಕು. ಅವಸರಾ ಮಾಡಬ್ಯಾಡ, ನಾ ಇಲ್ಲೇ ಇದ್ದೀನಿ."

ಅವರ ಎಡಗೈ ನನ್ನ ಬೆನ್ನ ಮೇಲಿತ್ತು. ಯಾವಾಗ ಇಟ್ಟರೋ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ. ಎತ್ತುಗಳಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ, ಇನ್ನೊಂದೀಟು, ಇನ್ನೊಂದೀಟು ಎನ್ನುತ್ತಿದ್ದರು. ತೋಳು ಮರಗಟ್ಟಿ ಕಣ್ಣಿಗೆ ಕತ್ತಲೆ ಬರುತ್ತಿದ್ದರೂ, ಇದು ಬೇಗ ಮುಗಿಯದಿರಲಿ ಎಂದು ಒಳಗೊಳಗೆ ಅನ್ನಿಸಿತು. ಒಂದು ಜೀವ ಸಂಕಟದಲ್ಲಿರುವಾಗ ಹಾಗೆ ಅನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

ಕರು ಸತ್ತಿತ್ತು. ಆಕಳು ಉಳಿಯಿತು. ಒಕ್ಕಲಿಗರು ಕರುವನ್ನು ಗೋಣಿಯಿಂದ ಮುಚ್ಚಿ, ತಮ್ಮ ಕೈಯಾರೆ ನನಗೆ ಬಿಸಿನೀರು ತಂದು ಕೊಟ್ಟು, "ಆಕಳು ಉಳೀತಲ್ಲವ್ವಾ, ಸಾಕು. ನೀ ಭಾಳ ದಣದಿ, ಕೂಡು" ಎಂದರು. ಅವರ ಸೊಸೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ದಾರಿಯಲ್ಲಿ ಹಿಂದಿರುಗುವಾಗ ನಮ್ಮವರು ಮತ್ತೆ ಸುಮ್ಮನಾಗಿದ್ದರು. ಆ ಮೌನ ಅವತ್ತು ನನಗೆ ಭಾರವಾಗಲಿಲ್ಲ.

ಆಮೇಲೆ ಸುಮಾರು ಒಂದು ವರ್ಷ ಹಾಗೆ ನಡೆಯಿತು. ದವಾಖಾನೆಯ ಒಳಕೋಣೆಯಲ್ಲಿ ಅವರು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು, ಯಾರೂ ಮೇಲಿನವರಿಗೆ ಹೇಳಲಿಲ್ಲ. ಆದರೂ ಹೇಗೋ ಸುದ್ದಿ ಹೋಗಿ, ಒಂದು ದಿನ ತಪಾಸಣೆಗೆಂದು ಜಿಲ್ಲೆಯಿಂದ ಸಾಹೇಬರೊಬ್ಬರು ಬಂದರು. ಅವತ್ತು ಮೋರಖಂಡಿಯ ಆ ಒಕ್ಕಲಿಗರೂ ಎತ್ತಿನ ಗೊರಸು ತೋರಿಸಲು ಬಂದಿದ್ದರು. ನಾನು ಒಳಗಿನಿಂದ ಕೇಳುತ್ತಿದ್ದೆ.

"ನಿಮ್ಮ ಆಕಳಿಗೆ ಕೈ ಹಾಕಿದವರು ಯಾರು? ಹೊರಗಿನ ಯಾರೋ ಹೆಂಗಸಂತೆ?" ಎಂದು ಸಾಹೇಬರು ಉರ್ದುವಿನಲ್ಲಿ ಕೇಳಿದರು. ಕಂಪೌಂಡರ್ ಅದನ್ನು ಕನ್ನಡದಲ್ಲಿ ಹೇಳಿದ.

"ಹೊರಗಿನವ್ರು ಯಾರೂ ಮುಟ್ಟಿಲ್ಲರಿ" ಎಂದರು ಒಕ್ಕಲಿಗರು. "ನಮ್ಮ ಮನಿ ಮಗಳು ಬಂದಿದ್ಲು. ಆಕೀನಽ ತೆಗದ್ಲು. ಡಾಕ್ಟರ್ ಸಾಬ್ರು ಬಾಜೂಕ ಕುಂತು ಹೇಳಿಕೊಟ್ರು."

"ನಿಮ್ಮ ಮಗಳಾ?"

"ಹೌದ್ರಿ. ನಮ್ಮ ಮಗಳೇ."

ಖಾಲಾ ಬೇಟೀ ಎನ್ನುತ್ತಿದ್ದರು, ಆದರೆ ಅವ್ವ ಸತ್ತ ಮೇಲೆ ಯಾರೂ ಹೊರಗಿನವರ ಮುಂದೆ ನನ್ನನ್ನು ನಮ್ಮ ಮಗಳು ಅಂದಿರಲಿಲ್ಲ.

ಸಾಹೇಬರು ಏನೂ ಬರೆದುಕೊಳ್ಳದೆ ಹೋದರು. ಆದರೆ ಆ ಸಂಜೆ ನಮ್ಮವರು ಎಡಗೈಯಲ್ಲಿ, ಮಕ್ಕಳ ಹಾಗೆ ಸೊಟ್ಟ ಅಕ್ಷರಗಳಲ್ಲಿ, ಕೆಲಸದಿಂದ ಬಿಡಿಸಿ ಎಂದು ಕಚೇರಿಗೆ ಅರ್ಜಿ ಬರೆಯಲು ಕೂತರು. ಕೈ ಹೋದದ್ದನ್ನು, ಹೆಂಡತಿ ಕೆಲಸ ಮಾಡಿದ್ದನ್ನು ಬರೆಯುತ್ತಿದ್ದೇನೆ ಎಂದರು.

"ಯಾಕ್ರಿ? ಮೋರಖಂಡಿಯವರು ಹೊಂದಿಸಿ ಹೇಳಿದ್ರಲ್ಲ?"

"ಆ ವಯಸ್ಸಿನ ಮನಷ್ಯಾ ನನ್ನ ಸಲುವಾಗಿ ಸಾಹೇಬನ ಮುಂದ ಹಂಗ ನಿಂದ್ರಬೇಕಾಯ್ತು. ಇನ್ನೊಮ್ಮೆ ನಿಲ್ಲಸಬಾರದು" ಎಂದರು. ಮತ್ತೆರಡು ಸಾಲು ಬರೆದು, ಕಾಗದದಿಂದ ತಲೆಯೆತ್ತದೆ, "ನೀ ನನಗಿಂತ ಛಲೋ ಡಾಕ್ಟರ್ ಆಗ್ತಿದ್ದಿ. ಅದನ್ನೂ ಬರದೀನಿ" ಎಂದರು.

ನಾಲ್ಕು ತಿಂಗಳಿಗೆ ಅವರಿಗೆ ಬಿಡುಗಡೆಯ ಕಾಗದ ಬಂತು. ಸಣ್ಣ ಪಿಂಚಣಿ ಕೊಟ್ಟರು. ದವಾಖಾನೆಯ ಮನೆ ಬಿಟ್ಟು ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದೆವು. ಅಲ್ಲಿಗೂ ಮೊದಮೊದಲು ಜನ ಕರು, ಕೋಳಿ ಹಿಡಿದು ಬರುತ್ತಿದ್ದರು. "ಹೊಸ ಡಾಕ್ಟರ್ ಬಂದಾನ, ಓದಿದ ಹುಡುಗ. ಅಲ್ಲಿಗೆ ಹೋಗ್ರಿ" ಎಂದು ನಮ್ಮವರೇ ತಿರುಗಿಸಿ ಕಳಿಸುತ್ತಿದ್ದರು. ಜನ ಹೋದರು. ಹೋಗಬೇಕಾದದ್ದೇ. ಎರಡನೆಯ ಚಳಿಗಾಲದಲ್ಲಿ ಅವರಿಗೆ ಎದೆಯ ಜ್ವರ ಬಂತು. ಆರು ದಿನ. ಐದನೆಯ ದಿನ, ಅವರ ಉಸಿರು ಎಣಿಸುತ್ತ ಎದೆಯ ಮೇಲೆ ಕೈಯಿಟ್ಟಿದ್ದೆ. ಕಣ್ಣು ತೆರೆದು, "ಕಫ ಎಡಕ್ಕ ಹೆಚ್ಚು ಅದಲ್ಲಾ?" ಎಂದು ಕೇಳಿದರು. ನಾನು ಹೂಂ ಎಂದೆ. ಸುಳ್ಳು ಹೇಳಿದರೆ ಅವರಿಗೆ ತಿಳಿಯುತ್ತಿತ್ತು. ಮರುದಿನ ಹೋದರು.

ಹದಿಮೂರು ದಿನ ಕಳೆದ ಮೇಲೆ ಮೋರಖಂಡಿಯ ಒಕ್ಕಲಿಗರು ಬಂದು ತಮ್ಮ ಮನೆಗೆ ಕರೆದರು. ನಾನು ಹೋಗಲಿಲ್ಲ. ಒಂದು ಮಾತಿನ ಮೇಲೆ ಅಷ್ಟು ಭಾರ ಹೇರಬಾರದು ಅನ್ನಿಸಿತು. ಹೋಗಬೇಕಿತ್ತೋ ಏನೋ. ಅದರ ಬದಲು ಮೋಟಾರು ಹಿಡಿದು ಹುಮನಾಬಾದಿಗೆ ಹೋಗಿ ಖಾಲಾರ ಮನೆಯ ಬಾಗಿಲು ತಟ್ಟಿದೆ. ಬೀಗ ಹಾಕಿತ್ತು. ತಂಗಿಯ ಮಗ ಹೈದರಾಬಾದಿಗೆ ಕರೆದುಕೊಂಡು ಹೋದ, ಅಲ್ಲೇ ತೀರಿಕೊಂಡರು ಎಂದು ಪಕ್ಕದ ಮನೆಯಾಕೆ ಹೇಳಿದಳು. ಆಕೆ ನನಗೆ ಹೊಸಬಳು. ನೀರು ಕೊಟ್ಟಳು, ಕುಡಿದು ಮುಂದಿನ ಮೋಟಾರಿಗೆ ಕಲ್ಯಾಣಿಗೆ ಮರಳಿದೆ.

ನಲವತ್ತರ ದಶಕದ ನಡುವೆ ಒಂದು ದಿನ, ಸಂತೆಯಿಂದ ಬರುತ್ತ ಕಾಲು ತಾನಾಗಿ ದವಾಖಾನೆಯ ಕಡೆ ತಿರುಗಿತು. ಅಂಗಳಕ್ಕೆ ಹೊಸದಾಗಿ ಫರಸಿ ಕಲ್ಲು ಹಾಸಿದ್ದರು. ಹಳೆಯ ಕಂಪೌಂಡರ್ ಬೇರೆ ಊರಿಗೆ ಹೋಗಿದ್ದ. ಎಳೆಯ ಡಾಕ್ಟರ್ ಒಂದು ಎಮ್ಮೆಯ ಬಾಯಿ ತೆರೆದು ನಾಲಿಗೆ ನೋಡುತ್ತಿದ್ದ. ಒಳ್ಳೆಯ ಕೈ, ಅವಸರವಿಲ್ಲದ ಕೈ. ನಾನು ನೋಡುತ್ತ ನಿಂತೆ. ಆತ ನನ್ನ ಕಡೆ ತಿರುಗಿ ಕೇಳಿದ:

"ಯಾವ ದನಾ ತಂದೀರಿ, ಅವ್ವಾರ?"

"ಏನೂ ತಂದಿಲ್ಲಪ್ಪಾ. ಹಂಗೇ ಬಂದೀನಿ."

"ಬಿಸಲು ಭಾಳ ಅದ. ಅಲ್ಲಿ ನೆರಳಿಗೆ ಕೂಡ್ರಿ" ಎಂದು ಹೇಳಿ ಮತ್ತೆ ಎಮ್ಮೆಯ ಕಡೆ ಬಗ್ಗಿದ. ನಾನು ಗೋಡೆಯ ನೆರಳಿನಲ್ಲಿ ಕೂತೆ. ಎಮ್ಮೆಯ ಒಡತಿ ನನ್ನ ಪಕ್ಕದಲ್ಲಿ ಕೂತು, ಅದು ಮೂರು ದಿನದಿಂದ ಮೇವು ಮುಟ್ಟಿಲ್ಲ ಎಂದು ಹೇಳಿದಳು. ಅದಕ್ಕೆ ಮೇವು ಹಾಕುವವರು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಸಂತೆಯ ಚೀಲ ಎತ್ತಿಕೊಂಡು ಕೋಣೆಗೆ ಬಂದೆ.